ಮುಂದಿನ ಬ್ರೇಕ್ ಪ್ಯಾಡ್ ಮನ್ಯಾಗ ಬದಲ್ ಮಾಡಬಹುದೇನ್ರಿ? ಕಿರ್ರ್ ಅಂತ ಸಪ್ಪಳ ಬರಾಕತ್ತೈತಿ

ಉಣಕಲ್_ಸ್ವಿಫ್ಟ್:
ನಮಸ್ಕಾರ್ರಿ ಎಲ್ಲಾರಿಗೂ. ನಮ್ದು ಹಳೇ ಸ್ವಿಫ್ಟ್, ಮುಂದ ಡಿಸ್ಕ್, ಹಿಂದ ಡ್ರಮ್. ಎಡಗಡೆ ಮುಂದಿನ ಗಾಲ್ಯಾಗ ಕಿರ್ರ್ ಅಂತ ಸಣ್ಣಗ ಸಪ್ಪಳ ಬರಾಕತ್ತೈತಿ, ವಿದ್ಯಾನಗರ ಸಿಗ್ನಲ್‌ನ್ಯಾಗ ಗಾಡಿ ನಿಧಾನ ಆದಾಗಂತೂ ಚಲೋ ಕೇಳಸ್ತೈತಿ. ಗಾಲಿ ಸಂದ್ಯಾಗ ಟಾರ್ಚ್ ಬಿಟ್ಟು ನೋಡಿದ್ರ ಪ್ಯಾಡ್ ಇನ್ನೂ ಅರ್ಧಾ ಐತಿ ಅನ್ನಿಸ್ತು. ಮುಂದಿನ ವಾರ ಮನಿ ಮಂದೀನ ಕರಕೊಂಡು ಯಲ್ಲಾಪುರ ಮ್ಯಾಲಿಂದ ಅರಬೈಲ್ ಘಾಟ್ ಇಳದು ಅಂಕೋಲಾಕ್ಕ ಹೋಗೋದೈತಿ, ಬ್ರೇಕ್ ಮ್ಯಾಲ ಡೌಟ್ ಇಟಗೊಂಡು ಘಾಟ್ ಇಳಿಯಾಕ ನನಗ ಮನಸ್ಸಿಲ್ರಿ. ಜಾಕ್, ಪಾನಾ ಸೆಟ್ ಎಲ್ಲಾ ಅದಾವ, ಪಂಕ್ಚರ್ ಆದ್ರ ಸ್ಟೆಪ್ನಿ ನಾನ ಹಾಕ್ತೀನಿ. ಪ್ಯಾಡ್ ತಂದು ಮನಿ ಮುಂದ ಹಾಕಾಕ ಆಗತೈತೇನು? ಡಿಸ್ಕೂ ಬದಲ್ ಮಾಡಬೇಕಾಗತೈತೇನು? ಗೊತ್ತಿದ್ದವರು ಹೇಳ್ರಿ.

ಗದಗ_ಮಿಸ್ತ್ರಿ:
ಆಗತೈತ್ರಿ, ಸ್ಟೆಪ್ನಿ ಹಾಕೋರಿಗೆ ಇದೇನ್ ದೊಡ್ಡ ಕೆಲಸ ಅಲ್ಲ. ಆದ್ರ ಹೊರಗಿಂದ ಕಾಣೋ ಪ್ಯಾಡ್ ನೋಡಿ ಸಮಾಧಾನ ಆಗಬ್ಯಾಡ್ರಿ. ಡಿಸ್ಕಿನ ಒಳಗಡೆ ಇನ್ನೊಂದು ಪ್ಯಾಡ್ ಇರತೈತಿ, ಪಿಸ್ಟನ್ ನೇರವಾಗಿ ಒತ್ತೋದು ಅದನ್ನ, ಗಾಲಿ ಬಿಚ್ಚದ ಅದು ಸರಿಯಾಗಿ ಕಾಣೂದಿಲ್ಲ. ಆ ಕಿರ್ರ್ ಸಪ್ಪಳ ಭಾಳ ಸಲ ಪ್ಯಾಡಿಗೆ ಹಚ್ಚಿರೋ ಸಣ್ಣ ತಗಡಿನ ಪಟ್ಟಿದು, ಪ್ಯಾಡ್ ಸವದಾಗ ಡಿಸ್ಕಿಗೆ ತಾಗಿ ಕೂಗಲಿ ಅಂತನ ಅದನ್ನ ಕೊಟ್ಟಿರ್ತಾರ. ಲೈನಿಂಗ್, ಅಂದ್ರ ಪ್ಯಾಡಿನ್ಯಾಗ ಸವಿಯೋ ಪದರ, 3 ಎಂಎಂಗೆ ಬಂದಿದ್ರ ಬದಲ್ ಮಾಡ್ರಿ, ಹೊಸಾದು ಸುಮಾರು 10 ಎಂಎಂ ಇರತೈತಿ.

ಗಾಲಿ ನಟ್ ನೆಲದ ಮ್ಯಾಲ ಇದ್ದಾಗನ ಸಡಿಲ ಮಾಡಿ ಆಮ್ಯಾಲ ಜಾಕ್ ಹಚ್ಚ್ರಿ. ಕ್ಯಾಲಿಪರ್ (ಪಿಸ್ಟನ್, ಪ್ಯಾಡ್ ಹಿಡಕೊಂಡು ಡಿಸ್ಕಿನ ಮ್ಯಾಲ ಕೂತಿರೋ ಭಾಗ) ಹಿಂದ ಮ್ಯಾಲೊಂದು ಕೆಳಗೊಂದು ಬೋಲ್ಟ್ ಇರತಾವ, ಕೆಳಗಿಂದು ಬಿಚ್ಚಿ ಕ್ಯಾಲಿಪರ್ ಮ್ಯಾಲೆತ್ತಿದ್ರ ಪ್ಯಾಡ್ ಹೊರಗ ಬರತಾವ. ಪೂರ್ತಿ ಬಿಚ್ಚಿದ್ರ ಮಾತ್ರ ಅದನ್ನ ಬ್ರೇಕ್ ಪೈಪಿನ ಮ್ಯಾಲ ಜೋತು ಬಿಡಬ್ಯಾಡ್ರಿ, ತಂತಿ ತಗೊಂಡು ಸ್ಪ್ರಿಂಗಿಗೆ ಕಟ್ಟ್ರಿ, ಆ ರಬ್ಬರ್ ಪೈಪ್ ಒಳಗ ಹರದ್ರ ಹೊರಗ ಗೊತ್ತ ಆಗೂದಿಲ್ಲ. ಹಳೇ ಪ್ಯಾಡ್ ಅಡ್ಡ ಇಟ್ಟು ಜಿ ಕ್ಲ್ಯಾಂಪಿನಿಂದ (ತಿರುವಿ ಬಿಗಿಯೋ ಹಿಡಿ) ಪಿಸ್ಟನ್ ನಿಧಾನಕ್ಕ ಒಳಗ ದಬ್ಬ್ರಿ. ದಬ್ಬೋ ಮೊದಲ ಬಾನೆಟ್ ತಗದು ಬ್ರೇಕ್ ಆಯಿಲ್ ಡಬ್ಬಿ ನೋಡ್ರಿ, ಮ್ಯಾಕ್ಸ್ ಗೆರಿತನಕ ಇದ್ರ ಸಿರಿಂಜಿನಿಂದ ಒಂದೀಟು ತಗೀರಿ, ಇಲ್ಲಾಂದ್ರ ಉಕ್ಕಿ ಪೇಂಟ್ ಮ್ಯಾಲ ಬೀಳತೈತಿ, ಅದು ಪೇಂಟ್ ತಿಂದ ಹಾಕತೈತಿ.

ಡಿಸ್ಕಿನ ಮ್ಯಾಲನ ಕಡಿಮಿ ಅಂದ್ರ ಎಷ್ಟು ದಪ್ಪ ಇರಬೇಕಂತ ಕೊರದಿರ್ತಾರ, ಅದಕ್ಕಿಂತ ತೆಳ್ಳಗಾಗಿದ್ರ ಅಥವಾ ಉಗರಿಗೆ ಸಿಗೋ ಅಷ್ಟು ಆಳಕ್ಕ ಗೆರಿ ಬಿದ್ದಿದ್ರ ಬದಲ್ ಮಾಡ್ರಿ, ಇಲ್ಲಂದ್ರ ಬ್ಯಾಡ. ಪ್ಯಾಡ್ ಮಾತ್ರ ಎಡಾ ಬಲಾ ಎರಡೂ ಗಾಲಿಗೆ ಕೂಡೇ ಹಾಕಬೇಕ್ರಿ, ಒಂದ ಕಡೆ ಹಾಕಿದ್ರ ಬ್ರೇಕ್ ಒತ್ತಿದಾಗ ಗಾಡಿ ಒಂದ ಕಡೆ ಎಳೀತೈತಿ.

ನವಲಗುಂದ_ರೈತ:
ಮಿಸ್ತ್ರಿ ಅವರು ಎಲ್ಲಾ ಹೇಳ್ಯಾರ, ನಂದು ಜಾಕಿಂದು ಒಂದ ಮಾತು. ಮನಿ ಮುಂದ ಎರಿ ಮಣ್ಣಿದ್ರ ಅಲ್ಲಿ ಜಾಕ್ ಹಚ್ಚಬ್ಯಾಡ್ರಿ. ಮ್ಯಾಲ ಒಣಗಿ ಬಿರುಕ ಬಿಟ್ಟು ಗಟ್ಟಿ ಅನಿಸಿದ್ರೂ ಒಳಗ ಹಸಿ ಇರತೈತಿ, ಭಾರ ಬಿದ್ದಕೂಡ್ಲೆ ಜಾಕ್ ವಾಲತೈತಿ. ಸಿಮೆಂಟ್ ನೆಲಾನ ನೋಡ್ರಿ, ಇಲ್ಲಂದ್ರ ಕೆಳಗ ದಪ್ಪನ ಹಲಗಿ ಹಾಕ್ರಿ. ಹ್ಯಾಂಡ್ ಬ್ರೇಕ್ ಎಳದು ಫಸ್ಟ್ ಗೇರಿನ್ಯಾಗ ಇಟ್ಟು ಹಿಂದಿನ ಗಾಲಿಗೆ ಹಿಂದ ಮುಂದ ಕಲ್ಲ ಕೊಡ್ರಿ, ಮತ್ತ ಬಿಚ್ಚಿದ ಗಾಲಿ ಗಾಡಿ ಕೆಳಗ ಮಲಗಿಸಿ ಇಡ್ರಿ. ಜಾಕ್ ಜಾರಿದ್ರೂ ಗಾಡಿ ಅದರ ಮ್ಯಾಲ ಕೂಡತೈತಿ, ನಿಮ್ಮ ಕೈ ಮ್ಯಾಲ ಅಲ್ಲ. ಜಾಕ್ ಸ್ಟ್ಯಾಂಡ್ ಸಿಕ್ರ ಇನ್ನೂ ಚಲೋ.

ಹಾವೇರಿ_ರೋಡ್:
ಹಾಕೋವಾಗ ಕ್ಯಾಲಿಪರ್ ಜಾರೋ ಪಿನ್ನಿಗೆ ಗ್ರೀಸ್ ಹಚ್ಚ್ರಿ ಅಣ್ಣಾರ, ಮನ್ಯಾಗ ಟ್ರ್ಯಾಕ್ಟರಿಗೆ ಹಾಕೋ ಗ್ರೀಸ್ ಇರತೈತೆಲ್ಲ ಅದ ಸಾಕು. ಪ್ಯಾಡಿನ ಧೂಳಿಗೆ ಕಂಪ್ರೆಸರ್ ಗಾಳಿ ಹೊಡದ್ರ ಒಮ್ಮೆಲೆ ಸ್ವಚ್ಛ ಆಗತೈತಿ.

ಗದಗ_ಮಿಸ್ತ್ರಿ:
ತಮ್ಮಾ, ಎರಡೂ ಬ್ಯಾಡಪಾ. ಟ್ರ್ಯಾಕ್ಟರ್ ಗ್ರೀಸ್ ಪೆಟ್ರೋಲಿಯಂದು, ಪಿನ್ನಿಗೆ ಹಾಕಿರೋ ರಬ್ಬರ್ ಮುಸುಕು, ಅಂದ್ರ ಬೂಟ್, ಅದಕ್ಕ ಉಬ್ಬಿ ಪಿನ್ ಹಿಡಕೊಂಡ ಬಿಡತೈತಿ. ಬ್ರೇಕಿಗಂತನ ಸಿಲಿಕಾನ್ ಗ್ರೀಸ್ ಬರತೈತಿ, ಅದನ್ನ ಪಿನ್ನಿಗೆ ಅಷ್ಟ ಹಚ್ಚಬೇಕು, ಪ್ಯಾಡಿನ ಲೈನಿಂಗಿಗೆ, ಡಿಸ್ಕಿಗೆ ಒಂದ ಹನಿ ಸೈತ ತಾಗಬಾರದು. ಧೂಳಿಗೆ ಗಾಳಿ ಹೊಡೀಬ್ಯಾಡ್ರಿ, ಪುಪ್ಪುಸಕ್ಕ ಹೊಕ್ಕತೈತಿ, ಹಳೇ ಪ್ಯಾಡಿನ್ಯಾಗ ಆಸ್ಬೆಸ್ಟಾಸ್ ಇದ್ರೂ ಇರಬಹುದು. ಬ್ರೇಕ್ ಕ್ಲೀನರ್ ಹೊಡದು ಹಸೀ ಅರಬಿಲೇ ಒರಸ್ರಿ.

ಉಣಕಲ್_ಸ್ವಿಫ್ಟ್:
ಗಾಲಿ ಬಿಚ್ಚೀನ್ರಿ. ಮಿಸ್ತ್ರಿ ಅವರು ಹೇಳಿದಂಗ ಐತಿ, ಎಡಗಡೆ ಹೊರಗಿನ ಪ್ಯಾಡ್ ಅರ್ಧಾ ಐತಿ, ಒಳಗಿಂದು ತಗಡಿಗೆ ಬಂದು ನಿಂತೈತಿ. ಬಲಗಡೆ ಎರಡೂ ಒಂದ ಸಮ ಸವದಾವ. ಎಡಗಡೆ ಕೆಳಗಿನ ಪಿನ್ ಕೈಲೇ ಎಳದ್ರ ಅಲ್ಲಾಡೂದಿಲ್ಲ, ರಬ್ಬರ್ ಬೂಟ್ ಹರದು ಒಳಗ ಮಣ್ಣು ನೀರು ಹೊಕ್ಕೈತಿ. ಡಿಸ್ಕ್ ನುಣ್ಣಗ ಐತಿ. ಹೊಸಾ ಪ್ಯಾಡ್ ತಂದೀನಿ, ಹಂಗ ಹಾಕಿಬಿಡ್ಲೇನು?

ಗದಗ_ಮಿಸ್ತ್ರಿ:
ಹಂಗ ಹಾಕಬ್ಯಾಡ್ರಿ ಸರ, ನಿಮ್ಮ ಗಾಡಿ ರೋಗ ಆ ಪಿನ್ನಿನ್ಯಾಗ ಐತಿ. ಪಿನ್ ಮ್ಯಾಲ ಕ್ಯಾಲಿಪರ್ ಹಿಂದ ಮುಂದ ಜಾರಿದ್ರನ ಎರಡೂ ಪ್ಯಾಡ್ ಒಂದ ಸಮ ಒತ್ತತಾವ, ಪಿನ್ ಹಿಡದ್ರ ಒಳಗಿನ ಪ್ಯಾಡ್ ಒಂದ ದುಡೀತೈತಿ, ಹೊಸಾದೂ ಲಗೂನ ತಗಡಿಗೆ ಬರತೈತಿ. ಪಿನ್ನಿನ ತಲಿ ಹಿಡದು ಆಕಡೆ ಈಕಡೆ ತಿರುವಿಕೋತ ಹೊರಗ ಎಳೀರಿ, ತುಕ್ಕು ಉಜ್ಜಿ ತಗೀರಿ, ತೂತು ಸ್ವಚ್ಛ ಮಾಡಿ ಹೊಸಾ ಬೂಟ್, ಸಿಲಿಕಾನ್ ಗ್ರೀಸ್ ಹಾಕ್ರಿ. ಪಿನ್ನಿಗೆ ಗುಂಡಿ ಬಿದ್ದಿದ್ರ ಪಿನ್ನೂ ಹೊಸಾದ ಹಾಕ್ರಿ, ಬೂಟ್, ಪಿನ್ ಕೂಡೇ ಕಿಟ್ ಸಿಗತೈತಿ. ಮ್ಯಾಲಿನ ಪಿನ್ ಕೆಳಗ, ಕೆಳಗಿಂದು ಮ್ಯಾಲ ಹಾಕಬ್ಯಾಡ್ರಿ, ಭಾಳ ಗಾಡ್ಯಾಗ ಎರಡೂ ಬ್ಯಾರೆ ಬ್ಯಾರೆ ಇರತಾವ.

ಎಲ್ಲಾ ಜೋಡಿಸಿದ ಮ್ಯಾಲ ಗಾಡಿ ಸ್ಟಾರ್ಟ್ ಮಾಡೋ ಮೊದಲ ಪೆಡಲ್ ಗಟ್ಟಿ ಆಗೂತನಕ ಒತ್ತಿ ಒತ್ತಿ ಬಿಡ್ರಿ. ಪಿಸ್ಟನ್ ಒಳಗ ದಬ್ಬೀರಿ, ಮೊದಲನೇ ಸಲ ಪೆಡಲ್ ನೆಲಾ ಮುಟ್ಟತೈತಿ. ಇದನ್ನ ಬಿಟ್ಟು ರಿವರ್ಸ್ ತಗೊಂಡ್ರ ಗ್ವಾಡಿಗೆ ಹೋಗಿ ಬಡಿಯೋದ ನೋಡ್ರಿ. ಎಷ್ಟ ಒತ್ತಿದ್ರೂ ಮೆತ್ತಗನ ಇದ್ರ ಗಾಡಿ ಹೊರಗ ತಗೀಬ್ಯಾಡ್ರಿ, ಮಿಸ್ತ್ರಿನ್ನ ಮನಿಗೇ ಕರಸ್ರಿ.

ಉಣಕಲ್_ಸ್ವಿಫ್ಟ್:
ಕಿಟ್ ತಂದು ಪಿನ್ ಹಾಕೀನ್ರಿ, ಈಗ ಬೆರಳಿಲೇ ಜಾರತೈತಿ. ಪೆಡಲ್ ಗಟ್ಟಿ ಐತಿ. ಹಂಗ ಘಾಟ್ ಇಳೀಬಹುದಾ?

ಗದಗ_ಮಿಸ್ತ್ರಿ:
ಮೊದಲ ಪ್ಯಾಡ್ ಡಿಸ್ಕಿಗೆ ಕೂಡಬೇಕ್ರಿ. ಮುಂಜಾನೆ ಲಗೂನ ಖಾಲಿ ರೋಡಿನ್ಯಾಗ ಸ್ಪೀಡ್ 60ರಿಂದ 15ರ ತನಕ ಹದಾ ಬ್ರೇಕ್ ಒತ್ತಿ ಇಳಸ್ರಿ, ಪೂರ್ತಿ ನಿಲ್ಲಸಬ್ಯಾಡ್ರಿ, ಹಿಂಗ ಎಂಟ್ಹತ್ತು ಸಲ ಮಾಡಿ ಆಮ್ಯಾಲ ಬ್ರೇಕ್ ಮುಟ್ಟದ ಸ್ವಲ್ಪ ದೂರ ಓಡಿಸಿ ತಂಪ ಮಾಡ್ರಿ. ಬ್ರೇಕ್ ಆಯಿಲ್ ಎರಡ ವರ್ಷಕ್ಕಿಂತ ಹಳೇದಿದ್ರ ಘಾಟಿಗೆ ಮೊದಲ ಅದನ್ನೂ ಬದಲ್ ಮಾಡಿಸ್ರಿ. ಅದು ಗಾಳ್ಯಾಗಿನ ನೀರು ಹೀರತೈತಿ, ಡಾಟ್ 3 ಅನ್ನೋ ದರ್ಜೆ ಬ್ರೇಕ್ ಆಯಿಲ್ ಹೊಸಾದಿದ್ದಾಗ ಕಡಿಮಿ ಅಂದ್ರೂ 205 ಡಿಗ್ರಿತನಕ ಕುದಿಯೂದಿಲ್ಲ, ನೀರ ಸೇರಿದ್ರ 140ಕ್ಕ ಇಳದಿರತೈತಿ. ಕುದ್ದು ಆವಿ ಗುಳ್ಳಿ ಆತಂದ್ರ ಪೆಡಲ್ ಒಳಗ ಹೋಗಿಬಿಡತೈತಿ. ಅರಬೈಲ್‌ನ್ಯಾಗ ಸೆಕೆಂಡ್ ಗೇರಿನ್ಯಾಗ ಇಳೀರಿ, ಬ್ರೇಕ್ ಮ್ಯಾಲ ಕಾಲ ಇಟಗೊಂಡ ಕೂಡಬ್ಯಾಡ್ರಿ.