ಅಪ್‌ಡೇಟ್: ಬಿ.ಕಾಂ. ಬಿಟ್ಟು ಹಿಸ್ಟರಿ ಸೇರಿದೆ

ಪಿಯುಸಿ ಮುಗಿದಾಗ ನಿಮ್ಮನ್ನು ಕೇಳಿದ್ದೆ: ಬಿ.ಕಾಂ. ಬಿಟ್ಟು ಬಿ.ಎ. ಹಿಸ್ಟರಿ ಓದಿದರೆ ಮುಂದೆ ಹೊಟ್ಟೆಪಾಡು ಹೇಗೆ ಅಂತ. ಸೇರಿಬಿಟ್ಟೆ. ಹಾಸನದಲ್ಲೇ, ಹಿಸ್ಟರಿ ಮತ್ತು ಕನ್ನಡ. ಈಗ ಎರಡನೇ ವರ್ಷ.

ಮೊದಲ ಸೆಮಿಸ್ಟರ್ ಕಷ್ಟವಾಯಿತು. ಮದುವೆ ಮನೆಗಳಲ್ಲಿ ‘ಏನಮ್ಮ ಓದ್ತಿದ್ದೀಯ?’ ಅಂದರೆ ಬಾಯಿ ಬರುತ್ತಿರಲಿಲ್ಲ. ಅಪ್ಪನೂ ಸುಮ್ಮನಿರುತ್ತಿದ್ದರು.

ಶಾಸನದ ಪಾಠ ಶುರುವಾದ ಮೇಲೆ ಎಲ್ಲ ಬದಲಾಯಿತು. ಸುಮಾರು ಕ್ರಿ.ಶ. 450ರ ಕನ್ನಡ ಶಾಸನ ಸಿಕ್ಕ ಹಲ್ಮಿಡಿ ನಮ್ಮ ಬೇಲೂರು ತಾಲ್ಲೂಕಿನದೇ. ಹತ್ತಿರದಲ್ಲೇ ಬೆಳೆದೆ, ಒಮ್ಮೆಯೂ ಹೋಗಿರಲಿಲ್ಲ! ಲೆಕ್ಚರರ್ ಹಳೆಯ ಅಕ್ಷರಗಳನ್ನು ಬರೆಸಿ ಬರೆಸಿ ಕಲಿಸಿದರು.

ದಸರಾ ರಜೆಯಲ್ಲಿ ಅಪ್ಪನ ಜೊತೆ ಬೇಲೂರಿಗೆ ಹೋದೆ. ಚೆನ್ನಕೇಶವ ದೇವಸ್ಥಾನ 1117ರದು. ಅಲ್ಲಿನ ಶಿಲ್ಪಿಗಳು ವಿಗ್ರಹಗಳ ಕೆಳಗೆ ಹೆಸರು ಕೆತ್ತಿದ್ದಾರೆ. ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ಅಂತೆಲ್ಲ. ಒಂದು ಕಡೆ ನಿಂತು ಅಕ್ಷರ ಕೂಡಿಸಿ ಕೂಡಿಸಿ ಓದಿದೆ. ‘ಒಂಬೈನೂರು ವರ್ಷದ ಬರಹ ನೀನು ಓದ್ತೀಯೇನೇ?’ ಅಂದರು ಅಪ್ಪ. ಆ ದನಿ ನಾನು ಮರೆಯಲ್ಲ.

ಕೆಲಸದ ಚಿಂತೆ ಪೂರ್ತಿ ಹೋಗಿಲ್ಲ. ಎರಡು ವರ್ಷದ ಬಿ.ಎಡ್. ಮಾಡುವ ಯೋಚನೆಯಿದೆ, ಕೆಎಎಸ್‌ಗೂ ಹಿಸ್ಟರಿ ಬೇಕೇ ಬೇಕು. ಜೊತೆಗೆ ಕಂಪ್ಯೂಟರ್ ಕ್ಲಾಸಿಗೂ ಹೋಗುತ್ತಿದ್ದೇನೆ.

ಆಗ ನನ್ನ ಪ್ರಶ್ನೆಗೆ ‘ಮೊದಲು ಊರಿನ ಕಲ್ಲು ನೋಡು’ ಎಂದು ಉತ್ತರ ಬರೆದಿದ್ದ ಅಕ್ಕನಿಗೆ ತುಂಬಾ ಥ್ಯಾಂಕ್ಸ್. ಮುಂದಿನ ತಿಂಗಳು ಶ್ರವಣಬೆಳಗೊಳಕ್ಕೆ ಹೊರಟಿದ್ದೇವೆ, ಅಲ್ಲಿ 500ಕ್ಕೂ ಜಾಸ್ತಿ ಶಾಸನಗಳಿವೆ. ಅಪ್ಪನೂ ಬರ್ತಾರಂತೆ.