ಹಳೇ ಕಾಯರ್ ಗುಂಪು: ಡೈಡೋ ಪ್ರಲಾಪದ ಚರ್ಚೆ

ಶೈಲಾ: [ವಿಡಿಯೊ] ಇಂಗ್ಲಿಷ್ ಸಂಗೀತ ರಚನಕಾರ ಪರ್ಸೆಲ್‌ನ ಆಪೆರಾ (ಸಂಗೀತ ನಾಟಕ) ‘ಡೈಡೋ ಅಂಡ್ ಈನಿಯಸ್’, ರಾಣಿ ಡೈಡೋ ಸಾಯೋ ಮುಂಚಿನ ಹಾಡು. ಎಂಥ ಧ್ವನಿ! ಕೇಳಿ ಎಲ್ಲರೂ.

ರಾಘು: ಧ್ವನಿ ಚೆನ್ನಾಗಿದೆ, ಒಪ್ಪಿದೆ. ಆದ್ರೆ ಪ್ರತಿ ಸಾಲಿನ ಕೊನೇಲೂ ಕೆಳಗೆ ನುಡಿಯೋ ತಂತಿವಾದ್ಯ ಚೆಲ್ಲೊ ಹಾಡೋಳಿಗೋಸ್ಕರ ಕಾಯ್ತಿದೆ. ಅದರಿಂದ ಹಾಡು ಕೆಟ್ಟಿದೆ.

ಶೈಲಾ: ಈನಿಯಸ್ ಬಿಟ್ಟುಹೋದ ಮೇಲೆ ಸಾಯ್ತಿರೋ ರಾಣಿ ಕಣೋ ಅವಳು. ಲೆಕ್ಕ ಹಾಕ್ಕೊಂಡು ಹಾಡ್ಬೇಕಾ?

ರಾಘು: ಲೆಕ್ಕ ಬಾಸ್‌ದು, ಅಂದ್ರೆ ಚೆಲ್ಲೊ ನುಡಿಸೋ ಕೆಳಗಿನ ಸ್ವರಸಾಲಿಂದು. ಜಿ, ಎಫ್ ಶಾರ್ಪ್, ಎಫ್, ಇ, ಇ ಫ್ಲ್ಯಾಟ್, ಡಿ ಅಂತ ಅರ್ಧರ್ಧ ಸ್ವರ ಇಳಿದು, ಬಿ ಫ್ಲ್ಯಾಟ್, ಸಿ, ಡಿ, ಜಿ ಅಂತ ಮುಗಿಯುತ್ತೆ. ಐದು ಬಾರ್‌ನ (ತಾಳದ ಅಳತೆಯ) ಒಂದು ಆವರ್ತ, ಒಟ್ಟು 11 ಸಲ. ಅವಳ ಸಾಲುಗಳು ಆ ಆವರ್ತದ ಅಂಚಿಗೆ ಸರಿಯಾಗಿ ನಿಲ್ಲೋದೇ ಇಲ್ಲ, ದಾಟಿಕೊಂಡು ಹೋಗ್ತವೆ. ಅವಳು ಏನೇ ಬೇಡಿಕೊಂಡರೂ ಕೆಳಗಿನದು ನಿಲ್ಲಲ್ಲ. ಸಂಕಟ ಇರೋದೇ ಅಲ್ಲಿ. ಬಾಸ್ ಕಾದುಬಿಟ್ರೆ ಎರಡೂ ಒಟ್ಟಿಗೆ ಮುಗಿದು ಬರೀ ಚೆಂದದ ಹಾಡಾಗುತ್ತೆ.

ಜೋಸೆಫ್: ಪರ್ಸೆಲ್ ಕೈಬರಹದ ಪ್ರತಿ ಒಂದೂ ಉಳಿದಿಲ್ಲ ರಾಘು. ಸಿಕ್ಕಿರೋ ಹಸ್ತಪ್ರತಿ ಅವನು 1695ರಲ್ಲಿ ತೀರಿಕೊಂಡ ಎಷ್ಟೋ ವರ್ಷದ ಮೇಲಿನದು. ಇದೇ ವೇಗ ಅಂತ ಹೇಗೆ ಹೇಳ್ತೀಯ?

ರಾಘು: ವೇಗ ಎಷ್ಟಾದ್ರೂ ಇರ್ಲಿ, ಸಮನಾಗಿರ್ಲಿ ಅಂತಿದೀನಿ. ಶೈಲಾ ಕೇಳೋ ಸ್ವಾತಂತ್ರ್ಯ ಇದರ ಹಿಂದಿನ ರೆಸಿಟೆಟಿವ್‌ನಲ್ಲಿದೆ, ಅಂದ್ರೆ ಮಾತಿನ ಥರ ಹಾಡೋ ಭಾಗದಲ್ಲಿ. ಡೈಡೋ ತನ್ನ ಜೊತೆಗಾತಿ ಬೆಲಿಂಡಾಳ ಕೈ ಕೇಳೋ ಜಾಗ. ಅಲ್ಲಿ ಬರೀ ಕಂಟಿನ್ಯುವೊ (ಬಾಸ್ ಮತ್ತು ಹಾರ್ಪ್ಸಿಕಾರ್ಡ್ ಥರದ ವಾದ್ಯದ ಸಾಥ್), ಎಷ್ಟು ಬೇಕಾದ್ರೂ ತಡೀಬಹುದು.

ಮಾಲತಿ: ಇದು ಶಾಲಾ ಹುಡುಗಿಯರಿಗೆ ಬರೆದದ್ದಲ್ವಾ? ಇಷ್ಟು ಭಾರದ ಧ್ವನಿ ಯಾಕೆ?

ಜೋಸೆಫ್: 1689ರ ಹೊತ್ತಿಗೆ ಲಂಡನ್ನಿನ ಚೆಲ್ಸಿಯಲ್ಲಿ ಜೋಸಾಯಸ್ ಪ್ರೀಸ್ಟ್ ನಡೆಸ್ತಿದ್ದ ಶಾಲೇಲಿ ಆಡಿದ್ದು ನಿಜ. ಆದ್ರೆ ಕೋರಸ್‌ನಲ್ಲಿ (ಗುಂಪು ಹಾಡಲ್ಲಿ) ಗಂಡಸರ ಧ್ವನಿಗಳಾದ ಟೆನರ್, ಬಾಸ್ ಎರಡೂ ಇವೆ. ಅರಮನೆಯಲ್ಲಿ ಮೊದಲೇ ಆಗಿತ್ತು ಅನ್ನೋ ವಾದವೂ ಇದೆ. ಶಾಲೆ ಅಂದ ಮಾತ್ರಕ್ಕೆ ಧ್ವನಿ ಇಂಥದೇ ಅಂತ ಹೇಳಕ್ಕಾಗಲ್ಲ.

ಮಾಲತಿ: ಸರಿ. ನನಗೆ ಕಷ್ಟ ಆಗಿದ್ದು ಶ್ರುತಿ. ಬಾಸ್ ಇಳಿಯೋವಾಗ ಪ್ರತಿ ಮೆಟ್ಟಿಲಲ್ಲೂ ಒಂಚೂರು ಜಾರಿ, ಡಿಗೆ ಬರೋ ಹೊತ್ತಿಗೆ ಪಿಯಾನೊ ಥರದ ವಾದ್ಯ ಹಾರ್ಪ್ಸಿಕಾರ್ಡ್ ಜೊತೆ ಕಿತ್ತಾಡ್ತಿದೆ. ಚೆಲ್ಲೊದವರು ಆ ಡಿಯನ್ನ ಬೆರಳೊತ್ತದೆ ಬಿಟ್ಟ ತಂತಿ ಜೊತೆ ಹೋಲಿಸಿಕೊಂಡು, ಹಾಡಿಲ್ಲದೆ ಬಾಸ್ ಒಂದನ್ನೇ 11 ಸಲ ನುಡಿಸಿ ಅಭ್ಯಾಸ ಮಾಡ್ಬೇಕು.

ರಾಘು: ಇನ್ನೊಂದು, ಅವಳ ಧ್ವನಿ ನಿಂತ ತಕ್ಷಣ ಈ ಕ್ಲಿಪ್ ಕತ್ತರಿಸಿದ್ದಾರೆ. ಆಮೇಲೆ ತಂತಿವಾದ್ಯಗಳಿಗೇ ಎರಡು ಆವರ್ತ ಇದೆ. ಬಾಸ್‌ನ ಆ ಇಳಿಕೆ ಅಲ್ಲಿ ಮೇಲಿನ ವಯಲಿನ್‌ಗೂ ಬರುತ್ತೆ. ಅದಾದ ಮೇಲೆ ಕೋರಸ್. ಅದನ್ನ ಕತ್ತರಿಸಿದ್ರೆ ಡೈಡೋ ಸತ್ತದ್ದೇ ಗೊತ್ತಾಗಲ್ಲ.

ಶೈಲಾ: ಕತ್ತರಿಸಿದ್ದು ತಪ್ಪು, ಒಪ್ತೀನಿ. ಆದ್ರೆ ‘ರಿಮೆಂಬರ್ ಮಿ’ (ನನ್ನ ನೆನಪಿಡು) ಅನ್ನೋ ಸಾಲು ಮೊದಲು ಒಂದೇ ಡಿ ಮೇಲೆ ಬಂದು, ಆಮೇಲೆ ಮೇಲಿನ ಜಿಗೆ ಏರುತ್ತಲ್ಲ, ಅಲ್ಲಿ ಒಂದು ಉಸಿರಿನಷ್ಟು ಎಳೆಯೋಕೆ ಬಿಡು.

ರಾಘು: ಅವಳು ಎಳೀಲಿ. ಕೆಳಗೆ ಸಿ, ಡಿ, ಜಿ ಮಾತ್ರ ಅವುಗಳ ಹೊತ್ತಿಗೇ ಬೀಳ್ಬೇಕು.

ಶೈಲಾ: ಹಾಗಾದ್ರೆ ಕೋರಸ್‌ವರೆಗೂ ಇರೋ ಒಂದು ರೆಕಾರ್ಡಿಂಗ್ ನೀನೇ ಹಾಕು. ಕೇಳಿ ಜಗಳ ಮುಂದುವರಿಸ್ತೀನಿ.