ಅಣ್ಣನನ್ನು ಪುಣೆಯಲ್ಲಿ ವ್ಯಸನಮುಕ್ತಿ ಕೇಂದ್ರಕ್ಕೆ ಸೇರಿಸಬೇಕು, ಮರಾಠಿ ಬರಲ್ಲ, ಏನು ಮಾಡೋದು?

ಚಿಂಚವಾಡದ ತಂಗಿ:
ನಮ್ಮೂರು ಇಂಡಿ ಕಡೆ. ಅಣ್ಣನನ್ನು ಹೋದ ವಾರ ಇಲ್ಲಿಗೆ ಕರೆಸಿಕೊಂಡಿದ್ದೇವೆ. ದಿನಾ ಕುಡಿತ, ಎಂಟು ವರ್ಷದಿಂದ. ಬೆಳಗ್ಗೆ ಚಹಾ ಕೊಟ್ಟರೆ ಕಪ್ಪು ಬಸಿ ಎರಡೂ ಟಕಟಕ ಅನ್ನುತ್ತವೆ, ಒಂದು ಕ್ವಾರ್ಟರ್ ಒಳಗೆ ಹೋದ ಮೇಲೇ ಕೈ ನಿಲ್ಲುವುದು. ಮೊನ್ನೆ ತಾನಾಗಿಯೇ "ಎಲ್ಲಾದರೂ ಸೇರಿಸು" ಅಂದ. ನಮ್ಮ ಮನೆಯವರ ಪ್ರಕಾರ ಮೊದಲು ನಾಲ್ಕು ದಿನ ಮನೆಯಲ್ಲೇ ಕೂಡಿಹಾಕಿ ಬಿಡಿಸಿ ಆಮೇಲೆ ಕರೆದುಕೊಂಡು ಹೋಗಬೇಕಂತೆ. ವೈನಿ ಊರಿಂದ ಯಾವುದೋ ಪುಡಿ ಕಳಿಸಿದ್ದಾರೆ, ಗೊತ್ತಾಗದಂತೆ ಸಾರಿನಲ್ಲಿ ಹಾಕು ಅಂತ. ಇನ್ನೊಬ್ಬರು ರಾತ್ರಿ ಜೀಪ್ ತಂದು ಎತ್ತಿಕೊಂಡು ಹೋಗುವ ಕೇಂದ್ರದ ನಂಬರ್ ಕೊಟ್ಟಿದ್ದಾರೆ. ತಲೆ ಕೆಟ್ಟಿದೆ.

ನೈಟ್ ಡ್ಯೂಟಿ ಸಿಸ್ಟರ್:
ತಂಗಿ, ಕೂಡಿಹಾಕಬೇಡಿ. ಬೆಳಗ್ಗೆ ಕೈ ನಡುಗುವವರು ಒಮ್ಮೆಲೇ ನಿಲ್ಲಿಸಿದರೆ ಮೊದಲ ಎರಡು ದಿನದಲ್ಲೇ ಫಿಟ್ಸ್ ಬರಬಹುದು. ಎರಡರಿಂದ ನಾಲ್ಕನೇ ದಿನದೊಳಗೆ ಕೆಲವರಿಗೆ ಜ್ವರ, ವಿಪರೀತ ಬೆವರು, ಗೋಡೆ ಮೇಲೆ ಹುಳ ಹರಿದಂತೆ ಕಾಣುವುದು, ಯಾವ ಊರಲ್ಲಿದ್ದೇನೆ ಅನ್ನುವುದೇ ಮರೆಯುವುದು. ಇದರಿಂದ ಪ್ರಾಣವೇ ಹೋಗಬಹುದು. ಈ ದಿನಗಳನ್ನು ಆಸ್ಪತ್ರೆಯಲ್ಲಿ ಕಳೆಯಬೇಕು. ಅಲ್ಲಿ ನಡುಕಕ್ಕೆ ಮಾತ್ರೆ ಕೊಟ್ಟು ದಿನದಿನಕ್ಕೆ ಇಳಿಸುತ್ತಾರೆ, ಬಿ1 ವಿಟಮಿನ್ ಇಂಜೆಕ್ಷನ್ ಕೊಡುತ್ತಾರೆ. ಸಸೂನ್ ಆಸ್ಪತ್ರೆಯ ಮನೋರೋಗ ವಿಭಾಗಕ್ಕೆ ಹೋಗಿ. ಪುಡಿ ಬಚ್ಚಲಿಗೆ ಸುರಿಯಿರಿ. ಅಂಥವುಗಳಲ್ಲಿ ಡೈಸಲ್ಫಿರಾಮ್ (ಕುಡಿತ ಬಿಡಿಸಲು ಡಾಕ್ಟರು ಕೊಡುವ ಔಷಧ) ಇದ್ದರೆ, ಅದರ ಮೇಲೆ ಅವರು ಕುಡಿದರೆ ಬಿಪಿ ಬಿದ್ದು ಹೃದಯಕ್ಕೇ ಕುತ್ತು.

ಹಡಪ್ಸರ್ ಹುಡುಗ:
ಜೀಪಿನ ಕೇಂದ್ರ ನಾನು ಕಂಡಿದ್ದೇನೆ, ಹೆಸರು ಬೇಡ. ಮೂರು ತಿಂಗಳು ಬೀಗ, ಮನೆಯವರ ಫೋನಿಲ್ಲ, ಎದುರು ಮಾತಾಡಿದರೆ ಕಪಾಳಕ್ಕೆ. ಹೊರಗೆ ಬಂದ ದಿನ ಸ್ಟೇಷನ್ ಎದುರಿನ ಬಾರ್‌ಗೇ ಹೋದೆ, ಮನೆ ಆಮೇಲೆ. ಎರಡನೇ ಸಲ ನಾನೇ ನಡೆದು ಹೋಗಿ ಸೇರಿದ್ದು ಬೇರೆ ಕಡೆ. ಅಲ್ಲಿ ಬೆಳಗ್ಗೆ ಯೋಗ, ಗುಂಪಿನಲ್ಲಿ ಮಾತು, ಕಸ ಗುಡಿಸುವ ಪಾಳಿ, ವಾರಕ್ಕೊಮ್ಮೆ ಅವ್ವನನ್ನೂ ಕೂರಿಸಿಕೊಂಡು ಕೌನ್ಸೆಲಿಂಗ್. ಅವ್ವ ಬೈದದ್ದೇ ಜಾಸ್ತಿ, ಆದರೂ ಅದೇ ಕೆಲಸಕ್ಕೆ ಬಂತು ಅನ್ನಿಸುತ್ತದೆ.

ನಿಮ್ಮ ಅಣ್ಣ ತಾನಾಗಿ ಒಪ್ಪಿದ್ದಾನಲ್ವಾ, ಅದನ್ನು ಜೀಪ್ ಕಳಿಸಿ ಹಾಳು ಮಾಡಬೇಡಿ. ಪುಣೆಯಲ್ಲಿ ಹಳೆಯದು ಮುಕ್ತಾಂಗಣ. ಅನಿತಾ ಮತ್ತು ಅನಿಲ್ ಅವಚಟ್ ಡಾಕ್ಟರ್ ದಂಪತಿ 1986ರಲ್ಲಿ ಶುರು ಮಾಡಿದ್ದು, ಆಗ ಮರಾಠಿ ಲೇಖಕ ಪು. ಲ. ದೇಶಪಾಂಡೆ ಹಣ ಕೊಟ್ಟಿದ್ದರು. ಎಲ್ಲೇ ಸೇರಿಸಿದರೂ ಕನ್ನಡ ಬಲ್ಲವರು ಇದ್ದಾರಾ ಅಂತ ಮೊದಲೇ ಫೋನ್ ಮಾಡಿ ಕೇಳಿ. ಗುಂಪಿನಲ್ಲಿ ಮಾತು ಬರದೆ ಸುಮ್ನೆ ಕೂತರೆ ಅರ್ಧ ಚಿಕಿತ್ಸೆ ಹೋಯಿತು.

ಕೊತ್ರುಡ್ ಕಾಕಾ:
ಹಿಂದಿನ ಮಾತಿಗೆ ಒಂದು ಸೇರಿಸುತ್ತೇನಮ್ಮ. 2017ರ ಮಾನಸಿಕ ಆರೋಗ್ಯ ಕಾಯ್ದೆಯಲ್ಲಿ ಕುಡಿತದ ಚಟವೂ ಬರುತ್ತದೆ. ಕೇಂದ್ರದವರಿಗೆ ನೋಂದಣಿ ಪತ್ರ ತೋರಿಸಿ ಅನ್ನಿ. ಮನೆಯವರನ್ನು ಭೇಟಿಯಾಗುವ, ಫೋನ್ ಮಾಡುವ ಹಕ್ಕು ಒಳಗಿದ್ದವರಿಗೆ ಇದೆ. 14446 ಸರ್ಕಾರದ ಸಹಾಯವಾಣಿ, ದುಡ್ಡು ಬೀಳಲ್ಲ.

ಚಿಂಚವಾಡದ ತಂಗಿ:
ನಾಳೆ ಸಸೂನ್‌ಗೆ ಹೊರಟಿದ್ದೇವೆ. ಚೀಲ ತಾನೇ ಕಟ್ಟಿಕೊಂಡಿದ್ದಾನೆ, ಎರಡು ಲುಂಗಿ, ತಂಬಾಕು, ಸುಣ್ಣದ ಡಬ್ಬಿ. ಮುಂದೆ ಕೇಂದ್ರದಲ್ಲಿ ಅದನ್ನು ಬಿಡುತ್ತಾರಾ?

ಹಡಪ್ಸರ್ ಹುಡುಗ:
ಎಲ್ಲ ಕಡೆ ಬಿಡಲ್ಲ. ಇವತ್ತೇ ಹೇಳಿಬಿಡಿ ಅಕ್ಕ. ಗೇಟಿನಲ್ಲಿ ಡಬ್ಬಿ ಕಸಿದುಕೊಂಡರೆ ಅಲ್ಲಿಂದಲೇ ತಿರುಗಿ ಬರುತ್ತಾನೆ, ನಾನೂ ಹಾಗೇ ಒಮ್ಮೆ ಬಂದಿದ್ದೆ.